ಥಂಡಿ ಪೆಟ್ಟಿಗೆ ಬಂದ್ ಇತ್ತು

ನನ್ನ ಅಕ್ಕ ತನ್ನ ಮಗನ ಮುಖವನ್ನು ಕೊನೆಗೊಮ್ಮೆ ನೋಡದೆ ಹೋದದ್ದು ಹಣೆಬರಹದಿಂದಲ್ಲ. ಹೆಣ ಇಡುವ ಥಂಡಿ ಪೆಟ್ಟಿಗೆ ನಿಂತುಹೋಗಿತ್ತು. ಅದನ್ನು ಹೇಳಬೇಕಾಗಿದ್ದ ಕಂಪ್ಯೂಟರಿಗೆ ಆ ಪೆಟ್ಟಿಗೆಯ ಭಾಷೆ ಬರುತ್ತಿರಲಿಲ್ಲ. ಹೇಳಲು ಹೋದ ನನಗೆ ಹಿಂದಿ ನೆಟ್ಟಗೆ ಬರುತ್ತಿರಲಿಲ್ಲ. ಆದದ್ದು ಇಷ್ಟೇ. ಮಂದಿ ದೈವ ಅಂದರು, ಕಾಲ ಅಂದರು. ಅನ್ನಲಿ. ನಾನು ಅಲ್ಲೇ ಇದ್ದೆ, ಅವರು ಇರಲಿಲ್ಲ.

ಆಗ ನಾವು ಗೋವಾದ ಉಸಗಾಂವದಲ್ಲಿದ್ದೆವು. ಗಂಡ ಅದಿರಿನ ಗಾಡಿಗಳ ಕಡೆ ಕೆಲಸಕ್ಕೆ ಹೋಗುತ್ತಿದ್ದ. ನಾನು ಫೋಂಡಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಸ ಹೊಡೆದು ನೆಲ ಒರೆಸುತ್ತಿದ್ದೆ. ಮೂರು ಮಹಡಿಯ ಹೊಸ ಕಟ್ಟಡ. ನನ್ನ ಪಾಲಿಗೆ ಬಂದದ್ದು ನೆಲಮಾಳಿಗೆ. ಬಟ್ಟೆ ಒಗೆಯುವ ಖೋಲಿ, ಸಾಮಾನಿನ ಖೋಲಿ, ಕೊನೆಯಲ್ಲಿ ಹೆಣ ಇಡುವ ಖೋಲಿ. ಉಳಿದ ಹೆಂಗಸರು ಆ ಖೋಲಿಗೆ ಹೋಗಲು ಒಲ್ಲೆ ಅನ್ನುತ್ತಿದ್ದರು. ನಾನು ಹೂಂ ಅಂದೆ. ಸತ್ತವರು ಎಲೆ ಅಡಿಕೆ ಹಾಕಿ ಮೂಲೆಗೆ ಉಗುಳುವುದಿಲ್ಲ, ಒರೆಸಿದ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡುವುದಿಲ್ಲ. ನನ್ನ ಮಟ್ಟಿಗೆ ಅದು ಇಡೀ ಆಸ್ಪತ್ರೆಯಲ್ಲೇ ಚಲೋ ಜಾಗ.

ಆ ಕಟ್ಟಡಕ್ಕೆ ಒಂದು ಕಂಪ್ಯೂಟರು ಇತ್ತು. ಲೆಕ್ಕದ ಕಂಪ್ಯೂಟರಲ್ಲ, ಕಟ್ಟಡದ್ದೇ. ಆಪರೇಷನ್ ಖೋಲಿ ಎಷ್ಟು ತಣ್ಣಗಿರಬೇಕು, ಯಾವ ಫ್ಯಾನು ಎಷ್ಟು ತಿರುಗಬೇಕು, ನೀರಿನ ಪಂಪು ಯಾವಾಗ ಚಾಲು ಆಗಬೇಕು, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತಿತ್ತು. ಅದಕ್ಕೊಂದು ಖೋಲಿ, ಅದರ ಮುಂದೆ ಕೂಡಲು ದಪ್ಪ ಕನ್ನಡಕದ ಒಬ್ಬ ಸಾಹೇಬ. ಪರದೆಯ ಮೇಲೆ ಇಡೀ ಆಸ್ಪತ್ರೆಯ ನಕಾಶೆ. ಸರಿ ಇದ್ದರೆ ಹಸಿರು, ಕೆಟ್ಟರೆ ಕೆಂಪು, ಕೆಂಪಾದ ಕೂಡಲೇ ಗಂಟೆ ಬಡಿಯುತ್ತಿತ್ತು. ಆ ಖೋಲಿಯ ನೆಲ ಒರೆಸಲು ಹೋದಾಗ ನಾನು ನೋಡಿದ್ದೆ. ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ಬೂದಿ ಬಣ್ಣದ ಚೌಕ.

ಮಶೀನುಗಳ ಕೆಲಸಕ್ಕೆ ಒಬ್ಬ ಮಿಸ್ತ್ರಿ ಇದ್ದ. ನಮ್ಮ ವಿಜಯಪುರದ ಕಡೆಯ ಸಾಬರವನು, ಮನೆ ದೂರದ ಸಡಾ ಊರಲ್ಲಿ, ಅತ್ತೆಯೂ ಅಲ್ಲೇ. ನಮ್ಮ ಮಾತು ಆಡುವವನು ಅಲ್ಲಿ ಅವನೊಬ್ಬನೇ ಆದ್ದರಿಂದ ಚಹಾದ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲೆ ಕೂಡುತ್ತಿದ್ದೆವು. ಒಂದು ದಿನ ಕೇಳಿದೆ.

"ಏ ಮಿಸ್ತ್ರಿ, ಆ ಪಡದೆ ಮ್ಯಾಲೆ ಎಲ್ಲಾ ಹಸರ ಐತಿ, ಒಂದ್ಯಾಕ ಬೂದಿ ಬಳದಂಗ ಐತಿ?"

"ಅದು ನಿಮ್ಮ ಥಂಡಿ ಪೆಟ್ಟಿಗಿ ರೀ ಅಕ್ಕಾರ. ಅದರ ಸುದ್ದಿ ಕಂಪ್ಯೂಟರಿಗೆ ಗೊತ್ತಿಲ್ಲ."

"ಗೊತ್ತಿಲ್ಲಂದ್ರ? ಒಂದ ಮನ್ಯಾಗ ಇದ್ದು?"

"ಕಂಪ್ಯೂಟರ್ ಒಂದ ಕಂಪನೀದು, ಪೆಟ್ಟಿಗಿ ಇನ್ನೊಂದ ಕಂಪನೀದು. ಇದು ತನ್ನ ಕಂಪನಿ ಮಾತಷ್ಟ ಕೇಳತೈತಿ. ಬ್ಯಾರೇದವ್ರ ಪೆಟ್ಟಿಗಿ ಹೊಯ್ಕೊಂಡ್ರೂ ಕಿವ್ಯಾಗ ಹಾಕ್ಕೊಳ್ಳೂದಿಲ್ಲ."

"ನಿಮ್ಮ ಅತ್ತಿಯಂಗ ಐತಿ ಅನ್ನ."

"ಮೆಲ್ಲಕ ರೀ, ಸಡಾದ ತನಕ ಕೇಳಸ್ತೈತಿ," ಎಂದು ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ. "ಖರೇ ಹೇಳ್ತೇನಿ ಅಕ್ಕಾರ, ನಾವು ಗೋವಾದಾಗ ಹೆಂಗ ಬದಕೇವಿ? ಕೊಂಕಣಿಯವಂಗ ಕೊಂಕಣಿ, ಮರಾಠಿಯವಂಗ ಮರಾಠಿ, ಅರ್ಧ ಮರ್ದ ಆದ್ರೂ ಆಡತೇವಿಲ್ಲ? ಮಿಶಿನಿಗೂ ಹಂಗ ಎಲ್ಲಾರೂ ಆಡೂ ಒಂದ ಮಾತ ಐತಿ. ಓಪನ್ ಅಂತಾರ. ಅಂಥಾದು ಹಾಕಿದ್ರ ಯಾವ ಕಂಪನಿ ಪೆಟ್ಟಿಗಿನೂ ಜೋಡಸಬಹುದು, ನಾನೂ ರಿಪೇರಿ ಮಾಡಬಹುದು. ಇದಕ್ಕ ಒಂದ ಸ್ಕ್ರೂ ತಿರವಬೇಕಂದ್ರೂ ಮುಂಬೈದಿಂದ ಅವ್ರ ಮನಷಾನ ಬರಬೇಕು. ಸಾಹೇಬರಿಗೆ ಹೇಳಿ ಹೇಳಿ ನನ್ನ ಬಾಯಿ ನೋವಾತು."

ಸಾಹೇಬರು ಮುಂದಿನ ವರ್ಷ ನೋಡೋಣ ಅಂದಿದ್ದರಂತೆ. ಅಲ್ಲಿಯ ತನಕ ಒಂದು ಉಪಾಯ ಮಾಡಿದ್ದರು. ಪೆಟ್ಟಿಗೆಯ ಮೇಲೆ ಸಣ್ಣದೊಂದು ಹಸಿರು ದೀಪ ಇತ್ತು. ದಿನಾ ಬೆಳಿಗ್ಗೆ ಕಸ ಹೊಡೆಯುವವಳು ಅದು ಉರಿಯುತ್ತಿದೆಯೇ ನೋಡಬೇಕು, ಉರಿಯದಿದ್ದರೆ ಗೋಡೆಯ ಫೋನಿನಿಂದ ಕಂಪ್ಯೂಟರ್ ಖೋಲಿಗೆ ತಿಳಿಸಬೇಕು. ಎಂದರೆ ಆ ಪೆಟ್ಟಿಗೆಗೆ ಗಂಟೆ ಅಂತ ಇದ್ದದ್ದು ನಾನೇ. ಮೂರನೆಯ ಇಯತ್ತೆ ಕಲಿತ ಗಂಟೆ.

ಅಕ್ಕನ ಹಿರಿಯ ಮಗ ಆರು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದ. ಮೊದಲು ಟಿಪ್ಪರಿನ ಕ್ಲೀನರ್, ಆಮೇಲೆ ಡ್ರೈವರ್. ಭಾಳ ಉಣ್ಣುವವನು. ಅವನಿಗೆ ರೊಟ್ಟಿ ಬಡಿದು ನನ್ನ ಭುಜ ನೋಯುತ್ತಿತ್ತು. ಅವನಿಗೆ ಕಾಮಾಲೆ ಆಯಿತು. ಕಣ್ಣು ಅರಿಶಿನವಾದರೂ ದವಾಖಾನೆಗೆ ಬರಲಿಲ್ಲ. ಯಾರೋ ಹೇಳಿದರೆಂದು ತೋಳಿಗೆ ಬೇರು ಕಟ್ಟಿಸಿಕೊಂಡು ಎರಡು ವಾರ ಕಳೆದ. ನಾನು ಬೈದೆ, ಅವನು ಕೇಳಲಿಲ್ಲ. ಕೊನೆಗೆ ಎಚ್ಚರ ತಪ್ಪಿದ ಮೇಲೆ ನಾವೇ ಹೊತ್ತು ತಂದೆವು. ನಾನು ನೆಲ ಒರೆಸುವ ಆಸ್ಪತ್ರೆಯಲ್ಲೇ, ಒಂದು ಮಂಗಳವಾರ ಮುಂಜಾನೆ ಹತ್ತು ಗಂಟೆಗೆ ಸತ್ತ. ಇಪ್ಪತ್ತನಾಲ್ಕು ವರ್ಷ.

ಅಕ್ಕ ಆಗ ಕೊಲ್ಹಾಪುರದ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದಳು. ಗ್ಯಾಂಗು ನಡೆಸುವ ಮುಕಾದಮನ ಫೋನಿಗೆ ಹಚ್ಚಿದೆ. ಅವಳನ್ನು ಹೊಲದಿಂದ ಕರೆತರಲು ಒಂದು ತಾಸು ಹಿಡಿಯಿತು.

"ಅಕ್ಕಾ, ಅಂವ ಹೋದ," ಅಂದೆ. ಸುತ್ತು ಬಳಸಿ ಹೇಳಲು ನನಗೆ ಬರುವುದಿಲ್ಲ.

ಆ ಕಡೆ ಕಬ್ಬಿನ ಗಾಡಿಯ ಎತ್ತುಗಳ ಗಂಟೆಯಷ್ಟೇ ಕೇಳುತ್ತಿತ್ತು. ಆಮೇಲೆ ಅವಳು ಕೇಳಿದ್ದು, "ಮಣ್ಣ ಕೊಟ್ರೇನು?"

"ಇಲ್ಲ. ನೀ ಬರೂ ತನಕ ಇಡತೇವಿ. ಇಲ್ಲೆ ಥಂಡಿ ಪೆಟ್ಟಿಗಿ ಐತಿ, ಅದರಾಗ ಇಡಸ್ತೇನಿ."

"ಐಸಿನ್ಯಾಗೇನು? ಮೀನ ಇಟ್ಟಂಗ?"

"ಐಸ್ ಅಲ್ಲವಾ, ಮಿಶಿನ್. ಏನೂ ಆಗೂದಿಲ್ಲ."

"ಮಾರಿ ನೋಡೂದು ಆಕ್ಕೈತಲ್ಲ?"

"ಆಕ್ಕೈತಿ. ನಾ ಹೇಳಾಕತ್ತೇನಲ್ಲ, ಬಾ."

ಬೇರೆ ಆಳು ಸಿಗುವ ತನಕ ಮುಕಾದಮ ಬಿಡಲಿಲ್ಲ. ಬುಧವಾರ ಹೊರಟು ಗುರುವಾರ ಬೆಳಿಗ್ಗೆ ಮುಟ್ಟುತ್ತೇನೆ ಅಂದಳು. ನನ್ನ ಗಂಡ ಇವತ್ತೇ ಮುಗಿಸೋಣ ಅಂದ. "ಹೆತ್ತಾಕಿ ಬರಾಕತ್ತಾಳ, ಹೆಂಗ ಮುಗಸ್ತೀರಿ?" ಎಂದು ಅವನ ಬಾಯಿ ಮುಚ್ಚಿಸಿದವಳು ನಾನೇ. ಅದನ್ನೂ ಇಲ್ಲಿ ಬರೆದಿಡಬೇಕು.

ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಮಣ್ಣು ಕೊಡುತ್ತಾರೆ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡ್ರಿಸುತ್ತಾರೆ. ಬಂದವರೆಲ್ಲ ಎದುರು ಕೂತು ಮುಖ ನೋಡುತ್ತಾರೆ. ಅವ್ವ ಇದ್ದರೆ ವಿಭೂತಿ ಮೊದಲು ಅವಳು ಹಚ್ಚಬೇಕು. ಕುಣಿಯಲ್ಲೂ ಕೂತೇ ಹೋಗಬೇಕು. ಅಕ್ಕ ಬರುತ್ತಿದ್ದದ್ದು ಇಷ್ಟಕ್ಕೆ.

ಮಂಗಳವಾರ ಮಧ್ಯಾಹ್ನ ಮಿಸ್ತ್ರಿಯೇ ನಿಂತು ಅವನನ್ನು ಪೆಟ್ಟಿಗೆಯ ಮೇಲಿನ ಖಾನೆಯಲ್ಲಿ ಇಡಿಸಿದ. ದೀಪ ಉರಿಯುತ್ತಿತ್ತು, ಮೋಟರು ಗುಂಯ್ ಅನ್ನುತ್ತಿತ್ತು. "ಕಾಳಜಿ ಮಾಡಬ್ಯಾಡ್ರಿ ಅಕ್ಕಾರ," ಎಂದು ಹೇಳಿ, ತಂಗಿಯ ಮಗಳ ನಿಕಾಹಕ್ಕೆ ಒಂದು ದಿನ ರಜೆ ಹಾಕಿ ಸಡಾಕ್ಕೆ ಹೋದ.

ಬುಧವಾರ ಬೆಳಿಗ್ಗೆ ನಾನು ಕೆಳಗಿಳಿದಾಗ ದೀಪ ಉರಿಯುತ್ತಿರಲಿಲ್ಲ. ಸ್ಟೀಲಿಗೆ ಕಿವಿ ಹಚ್ಚಿದೆ. ಗುಂಯ್ ಎನ್ನುವ ಸದ್ದು ಇಲ್ಲ. ಪೆಟ್ಟಿಗೆ ತೆರೆಯುವಂತಿಲ್ಲ, ಥಂಡಿ ಹೊರಗೆ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಫೋನು ಎತ್ತಿದೆ. ಕನ್ನಡಕದ ಸಾಹೇಬ ಮಾತಾಡಿದ. ಅವನಿಗೆ ಕೊಂಕಣಿ, ಹಿಂದಿ. ನನಗೆ ಬಾಜಾರಿನ ಹಿಂದಿ.

"ಸಾಬ್, ನೀಚೆ ಕಾ ಥಂಡಾ ಪೇಟಿ..."

ನನ್ನ ಮಾತು ಮುಗಿಯುವ ಮೊದಲೇ ಅವನು ಕೇಳಿದ. "ಬಂದ್ ಹೈ ನಾ?"

"ಹಾಂ ಸಾಬ್, ಬಂದ್ ಹೈ."

"ಠೀಕ್ ಹೈ. ಬಂದ್ ಹೀ ರಖೋ. ಖೋಲನಾ ಮತ್."

ಫೋನು ಇಟ್ಟ.

ಅವನು ಕೇಳಿದ್ದು ಬಾಗಿಲು. ಹಿಂದಿನ ವಾರ ಯಾರೋ ಕೆಳಗಿನ ಖಾನೆಯ ಬಾಗಿಲನ್ನು ಅರ್ಧ ತೆರೆದಿಟ್ಟು ಹೋಗಿ, ಅವನು ಬೈಸಿಕೊಂಡಿದ್ದ. ಪೆಟ್ಟಿಗೆ ಎಂದ ಕೂಡಲೇ ಅವನ ತಲೆಗೆ ಬಂದದ್ದು ಬಾಗಿಲು. ಬಾಗಿಲು ಬಂದ್ ಇದೆ ಎಂದರೆ ಎಲ್ಲಾ ಸರಿ ಎಂದೇ ಅವನ ಲೆಕ್ಕ. ನಾನು ಹೇಳಿದ್ದು ಮಶೀನು. ನಮ್ಮ ಬಾಯಲ್ಲಿ ಲೈಟು ಬಂದ್, ಫ್ಯಾನು ಬಂದ್, ಬಸ್ಸು ಬಂದ್, ಅಂಗಡಿ ಬಂದ್. ನಿಂತದ್ದೆಲ್ಲ ಬಂದ್. ಅವನು ಬಂದ್ ಇರಲಿ, ತೆರೆಯಬೇಡ ಅಂದಾಗ ನನಗೆ ತಿಳಿದದ್ದು, ಇವರೇ ಯಾವುದೋ ಕಾರಣಕ್ಕೆ ನಿಲ್ಲಿಸಿದ್ದಾರೆ, ನಾನು ಕೈ ಹಚ್ಚಬಾರದು ಎಂದು. ಒಳಗಿನ ಥಂಡಿ ಒಂದಿಷ್ಟು ಹೊತ್ತು ಇರುತ್ತದೆ, ಅಷ್ಟರಲ್ಲಿ ಚಾಲು ಮಾಡುತ್ತಾರೆ ಅಂದುಕೊಂಡೆ. ಕಂಪ್ಯೂಟರ್ ಮುಂದೆ ಕೂತವನಿಗೆ ನನಗಿಂತ ಹೆಚ್ಚು ತಿಳಿಯುತ್ತದೆ ಅಂದುಕೊಂಡೆ. ಅವತ್ತು ಒಬ್ಬಳು ಕೆಲಸಕ್ಕೆ ಬಂದಿರಲಿಲ್ಲ, ಎರಡನೆಯ ಮಹಡಿಯೂ ನನ್ನ ತಲೆಗೆ ಬಿತ್ತು. ಬಕೀಟು ಎತ್ತಿಕೊಂಡು ಮೇಲೆ ಹೋದೆ. ಸಂಜೆ ಅಲ್ಲಿಂದಲೇ ಮನೆಗೆ ಹೋದೆ, ಮತ್ತೆ ಕೆಳಗೆ ಇಳಿಯಲಿಲ್ಲ.

ಮಧ್ಯಾಹ್ನ ಅಕ್ಕ ಕೊಲ್ಹಾಪುರದ ಬಸ್ ಸ್ಟ್ಯಾಂಡಿನಿಂದ ಫೋನು ಮಾಡಿದಳು.

"ಇವತ್ತ ಅಂವನ್ನ ನೋಡಿದ್ಯೇನು?"

"ನೋಡಿದ್ನಿ."

"ಹೆಂಗದಾನ?"

"ಮಲಗಿದಂಗ ಅದಾನ."

ನೋಡಿರಲಿಲ್ಲ. ಪೆಟ್ಟಿಗೆಯ ಮುಂದಿನ ನೆಲ ಒರೆಸಿದ್ದೆ, ಅಷ್ಟೇ. ದೂರದ ಹಾದಿ ಬರುವವಳು ಸಮಾಧಾನದಿಂದ ಬರಲಿ ಎಂದು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಖರೇ ಅಂದರೆ, ಮಾತು ಬೇಗ ಮುಗಿಯಲಿ ಎಂದು ಹೇಳಿದ್ದು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

ಗುರುವಾರ ಏಳು ಗಂಟೆಗೆ ಫೋಂಡಾ ಸ್ಟ್ಯಾಂಡಿನಲ್ಲಿ ಇಳಿದಳು. ಕಬ್ಬಿನ ಎಲೆ ಕೊಯ್ದ ಗೀರು ಎರಡೂ ಕೈ ತುಂಬ. ಕಂಕುಳಲ್ಲಿ ಗಂಟು, ಅದರಲ್ಲಿ ಹೊಸ ಧೋತರ, ವಿಭೂತಿ ಗಟ್ಟಿ. ಚಹಾ ಕುಡಿ ಅಂದೆ, ಮೊದಲು ಅವನನ್ನು ನೋಡುತ್ತೇನೆ ಅಂದಳು. ಸೀದಾ ಕರೆದುಕೊಂಡು ಹೋದೆ.

ಮೆಟ್ಟಿಲು ಇಳಿದು ನಾಲ್ಕು ಹೆಜ್ಜೆ ಹೋಗುವುದರೊಳಗೆ ನನ್ನ ಮೂಗಿಗೆ ತಿಳಿಯಿತು. ನನ್ನ ಕೆಲಸವೇ ಅದು, ಯಾವ ವಾಸನೆ ಯಾವುದರದು ಎಂದು ಯಾರೂ ನನಗೆ ಹೇಳಬೇಕಾಗಿಲ್ಲ.

"ನೀ ಇಲ್ಲೇ ನಿಂದರು," ಅಂದೆ.

"ಯಾಕ?"

"ನಿಂದರು ಅಂದೆ."

ಒಳಗೆ ಹೋಗಿ ಖಾನೆ ಎಳೆದೆ. ಆ ಮುಖ ಅವನದಾಗಿ ಉಳಿದಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಖಾನೆ ಒಳಗೆ ತಳ್ಳಿ, ಹೊರಗೆ ಬಂದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಕ್ಕ ಮುಂದೆ ಬಂದಳು. ಅವಳಿಗೂ ವಾಸನೆ ಬಂದಿತ್ತು. ನನ್ನನ್ನು ದೂಡಿದಳು. ಕಬ್ಬು ಕಡಿಯುವ ಕೈ, ಕಸುವು ಇತ್ತು. ನಾನು ಜರುಗಲಿಲ್ಲ.

"ಬಿಡ ನನ್ನ. ಅಂವ ಹೆಂಗರೆ ಇರಲಿ, ನಾ ಹಡದೇನಿ."

"ಬ್ಯಾಡ ಅಕ್ಕಾ. ಇದು ನೋಡಿದ್ರ ಮೊದಲಿಂದು ಮರೀತಿ."

ಅವಳು ಅಲ್ಲೇ ನೆಲಕ್ಕೆ ಕೂತಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅಳಲಿಲ್ಲ.

ಅಷ್ಟರಲ್ಲಿ ಮಿಸ್ತ್ರಿ ಕೆಲಸಕ್ಕೆ ಬಂದಿದ್ದ, ಓಡುತ್ತ ಇಳಿದ. ಪೆಟ್ಟಿಗೆಯ ಹಿಂದಿನ ಬೋರ್ಡು ತೆಗೆದು ನೋಡಿದ. ಒಂದು ಕಪ್ಪು ಬಟನ್ ಕೆಳಗೆ ಬಿದ್ದಿತ್ತು. ಕರೆಂಟು ಹೆಚ್ಚುಕಡಿಮೆ ಆದರೆ ಅದು ತಾನೇ ಬೀಳುತ್ತದಂತೆ. ಬೆರಳಿನಿಂದ ಮೇಲೆತ್ತಿದ. ಮೋಟರು ಗುಂಯ್ ಅಂದಿತು, ದೀಪ ಹತ್ತಿತು. ಒಂದು ಬೆರಳಿನ ಕೆಲಸ. ಅದೇ ಹಾದಿಯಲ್ಲಿ ದಿನಾ ಓಡಾಡುವ ನನಗೆ ಹತ್ತು ಬೆರಳಿದ್ದವು.

ಕನ್ನಡಕದ ಸಾಹೇಬ ಬಂದವನೇ ನನ್ನ ಮೇಲೆ ಏರಿದ. "ತುಮ್ ನೇ ಹೀ ತೋ ಬೋಲಾ, ಬಂದ್ ಹೈ!"

"ಬೋಲಾ ಸಾಬ್. ಬಂದ್ ಥಾ."

ಮಿಸ್ತ್ರಿ ಒಮ್ಮೆ ಅವನ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಎರಡೂ ಮಾತು ಬಲ್ಲವನು ಅವನೊಬ್ಬನೇ.

"ಯಾ ಅಲ್ಲಾ," ಅಂದ. "ಅಂವ ಬಾಗಲಾ ಕೇಳ್ಯಾನ, ನೀವು ಮಿಶಿನ್ ಹೇಳೀರಿ."

ಸಾಹೇಬನಿಗೂ ಹಿಂದಿಯಲ್ಲಿ ಬಿಡಿಸಿ ಹೇಳಿದ. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಅವನು ಕೆಟ್ಟವನಲ್ಲ. ಆ ಒಂದು ದಿನವೆಲ್ಲ ಅವನ ಪರದೆಯ ಮೇಲೆ ಹಸಿರೇ ಇತ್ತು. ಮೂಲೆಯ ಬೂದಿ ಚೌಕ ಬೂದಿಯಾಗೇ ಇತ್ತು.

ಒಂದೂವರೆ ವರ್ಷದ ಮೇಲೆ ಹೊಸ ಕಂಪ್ಯೂಟರು ತಂದರು, ಮಿಸ್ತ್ರಿ ಹೇಳುತ್ತಿದ್ದಂಥದ್ದು. ಥಂಡಿ ಪೆಟ್ಟಿಗೆ ಒಬ್ಬರದು, ಫ್ಯಾನು ಒಬ್ಬರದು, ರಕ್ತ ಇಡುವ ಫ್ರಿಜ್ಜು ಮತ್ತೊಬ್ಬರದು, ಎಲ್ಲವೂ ಒಂದೇ ಪರದೆಯಲ್ಲಿ ಬಾಯಿ ಬಿಟ್ಟವು. ಪೆಟ್ಟಿಗೆಯ ಒಳಗೆ ಸ್ವಲ್ಪ ಬಿಸಿಯಾದರೂ ಗಂಟೆ ಬಡಿಯುತ್ತಿತ್ತು, ಮಿಸ್ತ್ರಿಯ ಮೊಬೈಲಿಗೂ ಸುದ್ದಿ ಹೋಗುತ್ತಿತ್ತು. ಒಮ್ಮೆ ರಕ್ತದ ಫ್ರಿಜ್ಜು ನಿಂತಾಗ ಹತ್ತು ನಿಮಿಷದೊಳಗೆ ಸರಿ ಮಾಡಿದರು. ಮುಂಬೈಯ ಮನುಷ್ಯನಿಗಾಗಿ ಕಾಯುವುದು ತಪ್ಪಿತು, ಫೋಂಡಾದ ಅಂಗಡಿಯ ಸಾಮಾನು ಹಾಕಿದರೂ ನಡೆಯಿತು. ಆಪರೇಷನ್ ಖೋಲಿ ಬೇಸಿಗೆಯಲ್ಲಿ ಬಿಸಿಯಾಗುವುದು ನಿಂತಿತು ಎಂದು ನರ್ಸುಗಳು ಹೇಳುತ್ತಿದ್ದರು. ಚಲೋ ಕೆಲಸ. ಅಲ್ಲವೆನ್ನುವುದಿಲ್ಲ. ಮೊದಲೇ ಮಾಡಬಹುದಿತ್ತು ಎಂಬುದೂ ಸುಳ್ಳಲ್ಲ. ಆ ಗುರುವಾರ ನಮ್ಮ ಕೈಯಲ್ಲಿ ಇದ್ದದ್ದು ಮಾತ್ರ ಒಂದು ಹೆಣ, ಅದೂ ಸಂಜೆಯ ತನಕ ನಿಲ್ಲುವಂಥದ್ದಲ್ಲ.

ಉಸಗಾಂವದ ಗುಡ್ಡದ ಹಿಂದೆ ನಮ್ಮವರು ಮಣ್ಣು ಕೊಡುವ ಜಾಗದಲ್ಲಿ ಬುಧವಾರವೇ ಕುಣಿ ತೋಡಿಟ್ಟಿದ್ದರು, ಕೂಡ್ರಿಸುವ ಕುಣಿ. ಅವನನ್ನು ಕೂಡ್ರಿಸಲು ಆಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಬಿಳಿ ಬಟ್ಟೆ ಹೊಲಿದಿದ್ದರು. ಎತ್ತಿ ನಿಲ್ಲಿಸುವ ಹಾಗಿರಲಿಲ್ಲ. ಶಾಸ್ತ್ರ ಮಾಡಿಸಲು ಬಂದ ಅಯ್ಯನವರು ದೂರ ನಿಂತು, ಮಲಗಿಸಿರಿ, ನಡೆಯುತ್ತದೆ ಅಂದರು. ನನ್ನ ಗಂಡ ಮತ್ತು ಇಬ್ಬರು ಡ್ರೈವರುಗಳು ಕುಣಿಯನ್ನು ಉದ್ದ ಮಾಡಲು ತೊಡಗಿದರು. ಕೆಂಪು ಕಲ್ಲಿನ ನೆಲ, ಹಾರೆ ಇಳಿಯಲೊಲ್ಲದು. ಎರಡು ತಾಸು ಹಿಡಿಯಿತು. ಆ ಎರಡು ತಾಸು ಅಕ್ಕ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಬಂದ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದರು.

ಇಳಿಸುವ ಮೊದಲು ಅಯ್ಯನವರು ಅಕ್ಕನನ್ನು ಕರೆದರು. ಅವಳು ವಿಭೂತಿ ಗಟ್ಟಿಯನ್ನು ಕೈಯಲ್ಲಿ ಪುಡಿ ಮಾಡಿಕೊಂಡು ಬಗ್ಗಿದಳು. ಬಟ್ಟೆಯ ಮೇಲೆ ಕೈ ಆಡಿಸಿದಳು. ನಿಂತಳು. ನನ್ನ ಕಡೆ ತಿರುಗಿ ಕೇಳಿದಳು.

"ಹಣಿ ಎಲ್ಲೈತಿ?"

ನಾನು ಬೆರಳು ಇಟ್ಟು ತೋರಿಸಿದೆ. ಅಲ್ಲಿ ಮೂರು ಬೆರಳು ಎಳೆದಳು.

ಮನೆಗೆ ಬಂದ ಮೇಲೆ ಮಂದಿ ಅವಳ ಸುತ್ತ ಕೂತು, ಗೋವಾದ ಸೆಖೆಯೇ ಹಾಗೆ, ಮಶೀನಿನ ಮೇಲೆ ಭರವಸೆ ಇಲ್ಲ, ಅವನ ಆಯುಷ್ಯ ಅಷ್ಟೇ ಇತ್ತು ಅಂದರು. ಅವಳು ಹೂಂ ಅನ್ನುತ್ತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ.

ಮುಕಾದಮ ಅವಳಿಗೆ ಶುಕ್ರವಾರದ ತನಕ ಅಷ್ಟೇ ಬಿಟ್ಟಿದ್ದ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಹತ್ತಿಸಲು ಫೋಂಡಾ ಸ್ಟ್ಯಾಂಡಿಗೆ ಬಂದೆ. ಬಸ್ಸು ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತೆವು.

"ಅಕ್ಕಾ, ಬುಧವಾರ ನಾ ಅಂವನ್ನ ನೋಡಿರಲಿಲ್ಲ," ಅಂದೆ.

ಅವಳು ತಿರುಗಿ ನೋಡಿದಳು.

"ಮಿಶಿನ್ ನಿಂತಿತ್ತು, ನನಗ ಗೊತ್ತಿತ್ತು. ಮ್ಯಾಲಿನವಂಗ ಹೇಳಿದ್ನಿ, ಅಂವಂಗ ಬ್ಯಾರೇನ ತಿಳೀತು. ನಾ ಮತ್ತೊಮ್ಮೆ ಕೇಳಲಿಲ್ಲ. ಬಾಗಲಾ ತಗದು ನೋಡಲಿಲ್ಲ. ನೋಡಿದಂಗ ನಿನಗ ಹೇಳಿದ್ನಿ."

"ನೋಡಿದ್ರ?"

"ಅವತ್ತ ತಿಳೀತಿತ್ತು. ಬಟನ್ ಎತ್ತತಿದ್ರು. ಇವತ್ತ ನೀ ಅಂವನ ಮಾರಿ ನೋಡಿ ಹೋಗತಿದ್ದಿ."

ಅವಳು ಮಡಿಲಲ್ಲಿದ್ದ ಗಂಟಿನ ಕಟ್ಟು ಬಿಚ್ಚಿ ಮತ್ತೆ ಬಿಗಿದಳು. ಆಮೇಲೆ ಹೇಳಿದಳು.

"ನಾ ಬಸ್ಸಿನ್ಯಾಗ ಬರೂ ತನಕ ಅದನ್ನ ನೆನಸ್ಕೋತ ಬಂದ್ನಿ. ಮಲಗಿದಂಗ ಅದಾನಂತ."

ಬಸ್ಸು ಬಂತು. ಗಂಟು ನನ್ನ ಕೈಗೆ ಕೊಡದೆ ತಾನೇ ಎತ್ತಿಕೊಂಡು ಹತ್ತಿದಳು, ಆ ಕಡೆಯ ಕಿಟಕಿಯ ಹತ್ತಿರ ಕೂತಳು. ಬಸ್ಸು ಹೋಯಿತು.

ನಾನು ಸ್ಟ್ಯಾಂಡಿನಿಂದ ನಡೆದೇ ಆಸ್ಪತ್ರೆಗೆ ಹೋದೆ. ಥಂಡಿ ಪೆಟ್ಟಿಗೆ ತೊಳೆಯಲು ಬೇರೆ ಹೆಂಗಸನ್ನು ಕಳಿಸಿದ್ದರು. ಅವಳು ಮೂಗು ಕಟ್ಟಿಕೊಂಡು ಬಾಗಿಲ ಹೊರಗೇ ನಿಂತಿದ್ದಳು. ಅವಳ ಕೈಯಿಂದ ಬಕೀಟು ತೆಗೆದುಕೊಂಡು, ನೀನು ಮೇಲೆ ಹೋಗು ಎಂದೆ. ಮೇಲಿನ ಖಾನೆಯನ್ನು ಪೂರ್ತಿ ಹೊರಗೆಳೆದು ಫಿನಾಯಿಲಿನಲ್ಲಿ ತೊಳೆದೆ, ಬಿಸಿನೀರು ತಂದು ಮತ್ತೊಮ್ಮೆ ತೊಳೆದೆ, ಸಂದಿಗಳಿಗೆ ಬ್ರಷ್ ಹಾಕಿ ತಿಕ್ಕಿ ಒಣ ಬಟ್ಟೆಯಿಂದ ಒರೆಸಿದೆ. ಒಂಬತ್ತು ಗಂಟೆಯಾಯಿತು. ಕೈ ತೊಳೆದುಕೊಂಡು ಎರಡನೆಯ ಮಹಡಿ ಒರೆಸಲು ಹೋದೆ.